ನಿಮ್ಮ ಬೆವರಿಗೆ ನಿಮ್ಮದೇ ಪಾಕ

ಮನೆಯಲ್ಲೇ ಡಿಯೋಡರೆಂಟ್ ಮಾಡಿಕೊಳ್ಳುವುದು ಅರ್ಧ ಗಂಟೆಯ ಕೆಲಸ. ಯಾವ ಸಾಮಗ್ರಿ ಯಾವ ಕೆಲಸಕ್ಕೆ ಎಂಬುದು ಗೊತ್ತಿದ್ದರೆ ಅದು ಕೈಹಿಡಿಯುತ್ತದೆ. ಗೊತ್ತಿಲ್ಲದೆ ಡಬ್ಬಿ ತುಂಬಿಸಿದರೆ ವಾಸನೆ ಅಲ್ಲೇ ಉಳಿಯುತ್ತದೆ, ಮೇಲೆ ಉರಿಯೂ ಸೇರುತ್ತದೆ.

ಮೇ ತಿಂಗಳ ಮಂಗಳೂರಿನಲ್ಲಿ ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವರು. ರಾಯಚೂರು, ಕಲಬುರಗಿಯ ಸೆಖೆಯ ಬಗೆ ಬೇರೆ. ಬಿಸಿಲು 40 ಡಿಗ್ರಿ ದಾಟಿದರೂ ಒಣಗಾಳಿಗೆ ಬೆವರು ಬೇಗ ಆರಿ, ಅಂಗಿಯ ಮೇಲೆ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಎರಡೂ ಕಡೆ ಡಿಯೋಡರೆಂಟ್ ಈಗ ಸೋಪು, ಪೇಸ್ಟಿನಷ್ಟೇ ಮಾಮೂಲಿ ವಸ್ತು. ಅದರ ಡಬ್ಬಿಯ ಹಿಂದಿರುವ, ನಾಲಿಗೆ ಹೊರಳದ ಹೆಸರುಗಳ ಪಟ್ಟಿ ಕಂಡು ಹಿಂಜರಿಯುವವರೂ ಹೆಚ್ಚಾಗಿದ್ದಾರೆ. ಅವರಲ್ಲಿ ಕೆಲವರು ಮನೆಯಲ್ಲೇ ಮಾಡಿಕೊಳ್ಳಲು ಹೊರಡುತ್ತಾರೆ.

ಹುಡುಕಿದರೆ ಸಿಗುವ ಪಾಕ ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಕೊಬ್ಬರಿ ಎಣ್ಣೆ, ಅಡುಗೆ ಸೋಡಾ, ಆರಾರೂಟ್ ಹಿಟ್ಟು, ನಾಲ್ಕು ಹನಿ ಸುಗಂಧ ತೈಲ. ತಂಪು ದೇಶಗಳ ಅಡುಗೆಮನೆಗೆ ಒಗ್ಗಿದ ಈ ಪಾಕ ನಮ್ಮಲ್ಲಿ ಎರಡು ಕಡೆ ಎಡವುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗುವುದರಿಂದ, ಅಲ್ಲಿ ಬೆಣ್ಣೆಯಂತೆ ನಿಲ್ಲುವ ಮಿಶ್ರಣ ಇಲ್ಲಿ ಡಬ್ಬಿಯಲ್ಲಿ ತೇಲಾಡುತ್ತದೆ, ಹಿಟ್ಟು ತಳ ಸೇರುತ್ತದೆ. ಸದಾ ಒದ್ದೆಯಾಗಿರುವ ಕಂಕುಳಿಗೆ ಅಷ್ಟೊಂದು ಸೋಡಾ ಬಿದ್ದರೆ ವಾರದೊಳಗೆ ಚರ್ಮ ಕೆಂಪಾಗುತ್ತದೆ. ಪಾಕವನ್ನು ಇದ್ದಂತೆ ನಕಲು ಮಾಡುವ ಮೊದಲು ಅದರ ಹಿಂದಿನ ಲೆಕ್ಕ ತಿಳಿದುಕೊಳ್ಳುವುದು ಲೇಸು.

ನಾತ ಹುಟ್ಟುವುದು ಎಲ್ಲಿ?

ನಮ್ಮ ಮೈಯಲ್ಲಿ ಬೆವರಿನ ಗ್ರಂಥಿಗಳು ಮುಖ್ಯವಾಗಿ ಎರಡು ಬಗೆ. ಎಕ್ರೈನ್ ಗ್ರಂಥಿಗಳು ಅಂಗೈ, ಹಣೆ, ಬೆನ್ನು ಎಂದು ಮೈತುಂಬ ಹರಡಿವೆ. ಅವುಗಳ ಸಂಖ್ಯೆ 20ರಿಂದ 40 ಲಕ್ಷ. ಇವು ಸುರಿಸುವುದು ನೀರು ಮತ್ತು ಉಪ್ಪು. ಮೈ ತಂಪಾಗಿಸುವುದು ಇವುಗಳ ಕೆಲಸ. ಎರಡನೆಯವು ಅಪೋಕ್ರೈನ್ ಗ್ರಂಥಿಗಳು. ಕಂಕುಳು, ತೊಡೆಸಂದಿಯಂಥ ಜಾಗಗಳಲ್ಲಿರುವ ಇವು ಚುರುಕಾಗುವುದು ಹರೆಯ ಬಂದ ಮೇಲೆ. ಚಿಕ್ಕ ಮಕ್ಕಳು ದಿನವಿಡೀ ಆಡಿ ತೊಯ್ದುಹೋದರೂ ದೊಡ್ಡವರಂತೆ ನಾರುವುದಿಲ್ಲ ಎಂಬುದಕ್ಕೆ ಕಾರಣ ಇದೇ. ಅಪೋಕ್ರೈನ್ ಗ್ರಂಥಿಯ ಸ್ರಾವದಲ್ಲಿ ಕೊಬ್ಬು, ಪ್ರೋಟೀನುಗಳ ಅಂಶವಿರುತ್ತದೆ. ಹೊರಬಂದ ಗಳಿಗೆಯಲ್ಲಿ ಅದಕ್ಕೂ ವಾಸನೆ ಇರುವುದಿಲ್ಲ.

ವಾಸನೆ ತಯಾರಾಗುವುದು ಚರ್ಮದ ಮೇಲೆ. ಬೆಚ್ಚಗೆ, ಒದ್ದೆಯಾಗಿ, ಗಾಳಿಯಾಡದೆ ಇರುವ ಕಂಕುಳು ಬ್ಯಾಕ್ಟೀರಿಯಾಗಳಿಗೆ ಹೇಳಿಮಾಡಿಸಿದ ಜಾಗ. ಕೊರಿನೆಬ್ಯಾಕ್ಟೀರಿಯಂ ಬಳಗದ ಜೀವಿಗಳು ಆ ಸ್ರಾವವನ್ನು ಒಡೆದು ಕಮಟು ವಾಸನೆಯ ಆಮ್ಲಗಳನ್ನು ಬಿಡುತ್ತವೆ. ಸ್ಟೆಫೈಲೊಕಾಕಸ್ ಹೊಮಿನಿಸ್ ಎಂಬ ಇನ್ನೊಂದು ಜೀವಿ ಗಂಧಕ ಬೆರೆತ ಸಂಯುಕ್ತಗಳನ್ನು ಹೊರಹಾಕುತ್ತದೆ. ಕೊಳೆತ ಈರುಳ್ಳಿಯನ್ನು ನೆನಪಿಸುವ ಆ ಘಾಟು ಎಳ್ಳಷ್ಟಿದ್ದರೂ ಮೂಗಿಗೆ ಬಡಿಯುತ್ತದೆ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದಕ್ಕೆ ಕಾರಣವಾದ ಕಿಣ್ವದ ರಚನೆಯನ್ನೇ ಬಿಡಿಸಿ ತೋರಿಸಿದರು.

ಎಲ್ಲರ ಬೆವರೂ ಒಂದೇ ರೀತಿ ನಾರುವುದಿಲ್ಲ ಎಂಬುದಕ್ಕೂ ವಿವರಣೆ ಇದೆ. ಎಬಿಸಿಸಿ11 ಎಂಬ ಜೀನ್ ಕಿವಿಯ ಗುಗ್ಗೆ ಅಂಟಂಟಾಗಿರಬೇಕೋ ಒಣಪುಡಿಯಾಗಿರಬೇಕೋ ಎಂದು ನಿರ್ಧರಿಸುವುದನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ಕಂಡುಕೊಂಡರು. ಬ್ಯಾಕ್ಟೀರಿಯಾಗಳಿಗೆ ಬೇಕಾದ ಕಚ್ಚಾವಸ್ತುವನ್ನು ಕಂಕುಳಿಗೆ ಸಾಗಿಸುವುದೂ ಇದೇ ಜೀನ್. ಗುಗ್ಗೆ ಒಣಗಿದ್ದವರ ಕಂಕುಳು ಹೆಚ್ಚು ನಾರುವುದಿಲ್ಲ. ಪೂರ್ವ ಏಷ್ಯಾದಲ್ಲಿ ಬಹುಪಾಲು ಜನರದು ಒಣ ಗುಗ್ಗೆ. ನಮ್ಮಲ್ಲಿ ಅಂಟು ಗುಗ್ಗೆಯವರೇ ಜಾಸ್ತಿ. ಗೆಳತಿಗೆ ಹೊಂದಿದ ಪಾಕ ನಿಮಗೆ ಹೊಂದದಿದ್ದರೆ ತಪ್ಪು ಪಾಕದ್ದೇ ಆಗಿರಬೇಕಿಲ್ಲ.

ಬೆವರು ತಡೆಯುವುದು, ವಾಸನೆ ತಡೆಯುವುದು

ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ನಿಂತಿರುವ ಡಬ್ಬಿಗಳಲ್ಲಿ ಎರಡು ಜಾತಿ. ಆ್ಯಂಟಿಪರ್ಸ್ಪಿರಂಟ್ ಎಂದು ಬರೆದಿದ್ದರೆ ಅದರಲ್ಲಿ ಅಲ್ಯೂಮಿನಿಯಂ ಲವಣಗಳಿರುತ್ತವೆ. ಅವು ಬೆವರಿನ ನಾಳದ ಬಾಯಲ್ಲಿ ಗಟ್ಟಿಯಾಗಿ ಕೂತು, ಬೆವರು ಹೊರಬರುವುದನ್ನೇ ಸ್ವಲ್ಪಕಾಲ ತಡೆಯುತ್ತವೆ. ಬರೀ ಡಿಯೋಡರೆಂಟ್ ಆಗಿದ್ದರೆ ಅದು ಬೆವರನ್ನು ಮುಟ್ಟದೆ, ಬ್ಯಾಕ್ಟೀರಿಯಾಗಳನ್ನು ಹದ್ದುಬಸ್ತಿನಲ್ಲಿಟ್ಟು ಸುಗಂಧದಿಂದ ಉಳಿದದ್ದನ್ನು ಮುಚ್ಚುತ್ತದೆ. ಮನೆಯಲ್ಲಿ ನಾವು ಮಾಡಿಕೊಳ್ಳುವುದು ಎರಡನೆಯ ಜಾತಿಯದು. ಅದನ್ನು ಹಚ್ಚಿದರೂ ಬೆವರು ಬಂದೇ ಬರುತ್ತದೆ, ಅಂಗಿ ಒದ್ದೆಯಾಗುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡರೆ ಆಮೇಲೆ ನಿರಾಸೆ ಇರುವುದಿಲ್ಲ.

ಇವೆರಡರ ಮಾರುಕಟ್ಟೆ ಚರಿತ್ರೆ ತೀರಾ ಹಳೆಯದಲ್ಲ. 1888ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 'ಮಮ್' ಎಂಬ ಮುಲಾಮು ಬಂತು. ಅದರ ಜೀವಾಳ ಸತುವಿನ ಸಂಯುಕ್ತ, ಹಚ್ಚಬೇಕಿದ್ದುದು ಬೆರಳಿನಿಂದ. ಬೆವರು ತಡೆಯುವ 'ಒಡೊರೊನೊ' 1910ರ ದಶಕದ್ದು. ಹೆಣ್ಣಿನ ಕಂಕುಳಿನ ವಾಸನೆಯನ್ನು ಅವಮಾನದ ವಿಷಯವಾಗಿಸಿದ ಅದರ 1919ರ ಜಾಹೀರಾತಿಗೆ ಓದುಗರು ಸಿಡಿದೆದ್ದರು, ಮಾರಾಟ ಮಾತ್ರ ಏರಿತು. ಉರುಳುವ ಗುಂಡಿನ ರೋಲ್-ಆನ್ 1950ರ ದಶಕದಲ್ಲಿ ಬಾಲ್‌ಪೆನ್ನಿನಿಂದ ಕಲಿತ ಉಪಾಯ.

ಮನೆಯಲ್ಲಿ ಸುಗಂಧ ಕೂಡಿಸುವ ವಿದ್ಯೆಗೆ ನಮ್ಮಲ್ಲಿ ಇದಕ್ಕಿಂತ ಬಹಳ ಹಿಂದಿನ ದಾಖಲೆಗಳಿವೆ. 11ನೇ ಶತಮಾನದ ಎರಡನೇ ಚಾವುಂಡರಾಯನ ಕನ್ನಡ ಗ್ರಂಥ 'ಲೋಕೋಪಕಾರ' ಬಾವಿ ತೋಡುವುದು, ಮರ ಬೆಳೆಸುವುದು, ಅಡುಗೆ, ಮದ್ದುಗಳ ಜತೆಗೆ ಸುಗಂಧದ್ರವ್ಯಗಳನ್ನೂ ಗೃಹಸ್ಥನಿಗೆ ಬೇಕಾದ ತಿಳಿವಳಿಕೆಯಾಗಿ ಎಣಿಸಿತು. ಮರುಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ಸ್ನಾನ ಮತ್ತು ವಿಲೇಪನಗಳನ್ನು ರಾಜಭೋಗಗಳ ಸಾಲಿಗೆ ಸೇರಿಸಿತು. ಸೆಖೆಯ ನಾಡಿನಲ್ಲಿ ಮೈಗೆ ಲೇಪ ಹಚ್ಚುವುದು ಹೊಸ ಷೋಕಿಯೇನಲ್ಲ.

ಮೂರು ಕೆಲಸ, ಮೂರು ಬಗೆಯ ಸಾಮಗ್ರಿ

ಒಳ್ಳೆಯ ಮನೆ ಡಿಯೋ ಮೂರು ಕೆಲಸ ಮಾಡಬೇಕು: ತೇವ ಹೀರಬೇಕು, ವಾಸನೆಯ ಮೂಲವನ್ನು ತಗ್ಗಿಸಬೇಕು, ಇವೆರಡನ್ನೂ ಚರ್ಮಕ್ಕೆ ಅಂಟಿಸಿಡಬೇಕು. ಸುಗಂಧ ನಾಲ್ಕನೆಯದು, ಅದು ಇಷ್ಟವಿದ್ದವರಿಗೆ.

ತೇವ ಹೀರಲು ಪಿಷ್ಟ ಸಾಕು. ವಿದೇಶಿ ಪಾಕಗಳ ಆರಾರೂಟ್ ನಮ್ಮ ಕರಾವಳಿ, ಮಲೆನಾಡಿನವರಿಗೆ ಪರಿಚಿತ ಕೂವೆ ಹಿಟ್ಟು. ಗಡ್ಡೆ ತುರಿದು, ನೀರಿನಲ್ಲಿ ಕದಡಿ, ತಳದಲ್ಲಿ ನಿಂತದ್ದನ್ನು ಒಣಗಿಸಿ ಹೊಟ್ಟೆ ಕೆಟ್ಟಾಗ ಗಂಜಿ ಕಾಯಿಸುತ್ತಿದ್ದುದು ಇದನ್ನೇ. ಅದು ಸಿಗದಿದ್ದರೆ ಕಾರ್ನ್‌ಫ್ಲೋರ್ ಕೂಡ ಆಗುತ್ತದೆ. ಅಕ್ಕಿಹಿಟ್ಟು ಬೇಡ, ಅದು ತರಿತರಿ.

ವಾಸನೆ ತಗ್ಗಿಸುವ ಸಾಮಗ್ರಿಗಳಲ್ಲಿ ಅಡುಗೆ ಸೋಡಾ ಬಲು ಜನಪ್ರಿಯ. ಕಮಟು ವಾಸನೆಯ ದೊಡ್ಡ ಪಾಲು ಆಮ್ಲಗಳದ್ದು. ಸೋಡಾ ಕ್ಷಾರ. ಎರಡೂ ಸೇರಿದಾಗ ಆಮ್ಲ ಹಾರಿಹೋಗದ ಲವಣವಾಗಿ ಉಳಿಯುತ್ತದೆ, ಮೂಗಿಗೆ ತಲುಪುವುದಿಲ್ಲ. ಉಪಕಾರ ಇಲ್ಲಿದ್ದರೆ ಅಪಾಯವೂ ಇಲ್ಲೇ ಇದೆ. ಆರೋಗ್ಯವಂತ ಚರ್ಮ ತುಸು ಹುಳಿ, ಅದರ ಪಿಎಚ್ 5ರ ಆಸುಪಾಸು. ಸೋಡಾದ್ದು 8ಕ್ಕಿಂತ ಮೇಲೆ. ದಿನವೂ ಕ್ಷಾರ ತಿಕ್ಕಿದರೆ ಚರ್ಮದ ರಕ್ಷಣಾ ಪದರ ಸಡಿಲಗೊಂಡು ಉರಿ, ತುರಿಕೆ, ಕಪ್ಪು ಕಲೆ ಶುರುವಾಗುತ್ತವೆ. ಮಿಶ್ರಣದಲ್ಲಿ ಸೋಡಾ ನೂರಕ್ಕೆ ಐದು ಪಾಲು ಮೀರದಿರುವುದು ಒಳ್ಳೆಯದು. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಇದಲ್ಲ. ಅದು ತೀಕ್ಷ್ಣ ಕ್ಷಾರ, ಮೈಗೆ ಸೋಕಿಸಲೇಬಾರದು.

ಸೋಡಾ ಒಗ್ಗದವರಿಗೆ ಮಿಲ್ಕ್ ಆಫ್ ಮೆಗ್ನೀಷಿಯಾ ಇದೆ. ಮಲಬದ್ಧತೆಗೆ ಕುಡಿಯುವ, ಔಷಧಿ ಅಂಗಡಿಯ ಬಿಳಿ ದ್ರವವೇ ಇದು. ಇದರಲ್ಲಿರುವ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಕೂಡ ಕ್ಷಾರ. ಆದರೆ ನೀರಿನಲ್ಲಿ ಬಹಳ ಕಡಿಮೆ ಕರಗುವುದರಿಂದ ಚರ್ಮದ ಮೇಲೆ ನಿಧಾನವಾಗಿ ಕೆಲಸ ಮಾಡುತ್ತದೆ, ಉರಿ ಕಡಿಮೆ. ಸಕ್ಕರೆ, ಪ್ಯಾರಾಫಿನ್ ಬೆರೆಸದ್ದನ್ನು ಕೇಳಿ ತರಬೇಕು. ನಾಲ್ಕು ಹನಿ ಹಚ್ಚಿ ಆರಲು ಬಿಟ್ಟರೆ ಮುಗಿಯಿತು.

ಇನ್ನು ಪಟಿಕ. ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಕೆನ್ನೆಗೆ ಉಜ್ಜುವ ಹರಳು ಇದೇ. ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಚೆನ್ನಾಗಿಯೇ ಹತ್ತಿಕ್ಕುತ್ತದೆ, ಬೆಲೆಯೂ ಅಗ್ಗ. ಪೇಟೆಯಲ್ಲಿ 'ಕ್ರಿಸ್ಟಲ್ ಡಿಯೋ' ಎಂದು ದುಬಾರಿ ಬೆಲೆಗೆ ಮಾರುವ ಕಲ್ಲಿನಲ್ಲೂ ಇರುವುದು ಬಹುಮಟ್ಟಿಗೆ ಪಟಿಕವೇ. ಅಲ್ಯೂಮಿನಿಯಂ ಬೇಡವೆಂದು ಓಡಿಬಂದವರು ಇದನ್ನು ಅಪ್ಪಿಕೊಳ್ಳುವುದು ತಮಾಷೆ. ಪಟಿಕ ಎಂದರೆ ಪೊಟ್ಯಾಷಿಯಂ ಅಲ್ಯೂಮಿನಿಯಂ ಸಲ್ಫೇಟ್. ಅಲ್ಯೂಮಿನಿಯಂ ಅದರ ಹೆಸರಿನಲ್ಲೇ ಇದೆ. ಹಾಗೆಂದು ಹೆದರಬೇಕಾಗಿಯೂ ಇಲ್ಲ. ಆ್ಯಂಟಿಪರ್ಸ್ಪಿರಂಟಿನಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಮಾತಿಗೆ ಗಟ್ಟಿ ಪುರಾವೆ ಸಿಕ್ಕಿಲ್ಲ ಎಂದೇ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಹೇಳುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಅಲ್ಯೂಮಿನಿಯಂ ಇರುವ ಏನನ್ನೇ ಹಚ್ಚುವ ಮೊದಲು ವೈದ್ಯರನ್ನು ಕೇಳಬೇಕು.

ಅಂಟಿಸಿಡುವ ಕೆಲಸ ಎಣ್ಣೆ, ಕೊಬ್ಬು, ಮೇಣಗಳದ್ದು. ಕೊಬ್ಬರಿ ಎಣ್ಣೆಯ ಹತ್ತಿರ ಹತ್ತಿರ ಅರ್ಧ ಭಾಗ ಲಾರಿಕ್ ಆಮ್ಲ. ಬ್ಯಾಕ್ಟೀರಿಯಾಗಳಿಗೆ ಅದು ಅಷ್ಟಾಗಿ ಸೇರದು. ಅದೊಂದೇ ಇದ್ದರೆ ಡಬ್ಬಿಯಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಆಗಲೇ ನೋಡಿದೆವು. ಅದನ್ನು ಬಿಗಿಗೊಳಿಸಲು ನಮ್ಮಲ್ಲೇ ಒಂದು ಸೊಗಸಾದ ವಸ್ತುವಿದೆ: ಮುರುಗಲ ತುಪ್ಪ. ಉತ್ತರ ಕನ್ನಡ ಮತ್ತು ಮಲೆನಾಡಿನ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ, ಪುನರ್ಪುಳಿ ಬೀಜದಿಂದ ತೆಗೆದ ಗಟ್ಟಿ ಕೊಬ್ಬು ಅದು. ಅದು ಕರಗಲು ಸುಮಾರು 40 ಡಿಗ್ರಿ ಬೇಕು. ಜೇನುಮೇಣಕ್ಕೆ 62 ಡಿಗ್ರಿಗಿಂತ ಹೆಚ್ಚು. ಈ ಎರಡನ್ನೂ ಬೆರೆಸಿದರೆ ಬೇಸಿಗೆಯಲ್ಲೂ ಮುಲಾಮು ಮುಲಾಮಾಗಿಯೇ ಇರುತ್ತದೆ.

ಮುಲಾಮು ಮಾಡುವ ಬಗೆ

100 ಗ್ರಾಂ ಮುಲಾಮಿಗೆ ಬೇಕಾದದ್ದು:

- ಕೊಬ್ಬರಿ ಎಣ್ಣೆ: 40 ಗ್ರಾಂ
- ಮುರುಗಲ ತುಪ್ಪ: 20 ಗ್ರಾಂ
- ತುರಿದ ಜೇನುಮೇಣ: 10 ಗ್ರಾಂ
- ಕೂವೆ ಹಿಟ್ಟು: 25 ಗ್ರಾಂ
- ಅಡುಗೆ ಸೋಡಾ: 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ
- ಸುಗಂಧ ತೈಲ: ಬೇಕಿದ್ದರೆ 10ರಿಂದ 20 ಹನಿ

ಕೂವೆ ಹಿಟ್ಟು ಮತ್ತು ಸೋಡಾವನ್ನು ಬೆರೆಸಿ ತೆಳುಬಟ್ಟೆಯಲ್ಲಿ ಸೋಸಿಟ್ಟುಕೊಳ್ಳಿ. ಸೋಡಾ ಎಣ್ಣೆಯಲ್ಲಿ ಕರಗುವುದಿಲ್ಲ, ಹರಳು ಉಳಿದರೆ ಚರ್ಮ ಗೀರುತ್ತದೆ. ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, ಅದರೊಳಗೆ ಒಣಗಿದ ಸ್ಟೀಲ್ ಬಟ್ಟಲಿಟ್ಟು ಮೇಣವನ್ನು ಮೊದಲು ಕರಗಿಸಿ. ನೇರ ಉರಿಯ ಮೇಲೆ ಬೇಡ. ಮೇಣ ಕರಗಿದ ಮೇಲೆ ಮುರುಗಲ ತುಪ್ಪ, ಕೊಬ್ಬರಿ ಎಣ್ಣೆ ಸೇರಿಸಿ ಕೆಳಗಿಳಿಸಿ. ಹಿಟ್ಟು ಹಾಕಿ ಕೈಬಿಡದೆ ತಿರುವಿ. ಅಂಚು ಕಟ್ಟತೊಡಗಿ, ಮಿಶ್ರಣ ದೋಸೆಹಿಟ್ಟಿನ ಹದಕ್ಕೆ ಬಂದಾಗ ಸುಗಂಧ ತೈಲ ಸೇರಿಸಿ ಡಬ್ಬಿಗೆ ಸುರಿಯಿರಿ. ಬಿಸಿ ಇರುವಾಗಲೇ ಸುರಿದರೆ ಹಿಟ್ಟು ತಳಕ್ಕೆ ಇಳಿಯುತ್ತದೆ, ಸುಗಂಧ ಹಾರಿಹೋಗುತ್ತದೆ.

ಬೇಳೆಕಾಳಿನಷ್ಟು ತೆಗೆದುಕೊಂಡು ಬೆರಳಲ್ಲಿ ಕರಗಿಸಿ, ಸ್ನಾನದ ಬಳಿಕ ಚೆನ್ನಾಗಿ ಒಣಗಿದ ಕಂಕುಳಿಗೆ ಹಚ್ಚಿಕೊಳ್ಳಿ. ಹೆಚ್ಚು ಹಚ್ಚಿದರೆ ಲಾಭವಿಲ್ಲ, ಬಟ್ಟೆಗೆ ಎಣ್ಣೆ ಕಲೆ ಖಚಿತ. ಒದ್ದೆ ಕೈ ಡಬ್ಬಿಗೆ ಹಾಕಬಾರದು. ನೀರಿಲ್ಲದ ಮುಲಾಮು ತಿಂಗಳುಗಟ್ಟಲೆ ಕೆಡದೆ ಇರುವುದು, ಸೂಕ್ಷ್ಮಜೀವಿಗಳು ಬೆಳೆಯಲು ನೀರು ಬೇಕು ಎಂಬ ಕಾರಣಕ್ಕೆ. ಲೋಳೆಸರದ ತಿರುಳು, ಪನ್ನೀರು ಸೇರಿಸಿದ ಮಿಶ್ರಣಗಳು ನೋಡಲು ಚೆಂದ. ಆದರೆ ಸಂರಕ್ಷಕ ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಕೆಡುತ್ತವೆ. ಅಂಥದ್ದನ್ನು ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಬೇಕು.

ಜಿಡ್ಡು ಬೇಡವೆನ್ನುವವರಿಗೆ ಪಟಿಕದ ನೀರು ಸುಲಭ. ಕುದಿಸಿ ಆರಿಸಿದ 100 ಮಿಲಿಲೀಟರ್ ನೀರಿಗೆ ಅರ್ಧ ಟೀ ಚಮಚ ಪಟಿಕದ ಪುಡಿ ಕರಗಿಸಿ, ಸ್ಪ್ರೇ ಬಾಟಲಿಗೆ ತುಂಬಿಸಿದರೆ ಆಯಿತು. ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ಗ್ರಂಧಿಗೆ ಅಂಗಡಿಯಿಂದ ಇಡೀ ಹರಳು ತಂದು, ಒದ್ದೆ ಮಾಡಿ ಉಜ್ಜಿಕೊಂಡರೂ ನಡೆಯುತ್ತದೆ.

ಜತೆಗೂಡದ ಜೋಡಿಗಳು

ಪಟಿಕ ಒಳ್ಳೆಯದು, ಸೋಡಾ ಒಳ್ಳೆಯದು, ಹಾಗಾಗಿ ಎರಡನ್ನೂ ಒಟ್ಟಿಗೆ ಹಾಕೋಣ ಎನ್ನುವುದು ಸಹಜ ಆಸೆ. ನೀರು ಸೋಕಿದ ಕೂಡಲೇ ಆಮ್ಲಗುಣದ ಪಟಿಕ ಮತ್ತು ಕ್ಷಾರಗುಣದ ಸೋಡಾ ನೊರೆಯೆದ್ದು ಒಂದನ್ನೊಂದು ಮುಗಿಸಿಬಿಡುತ್ತವೆ. ನಿಂಬೆರಸ-ಸೋಡಾ, ವಿನೆಗರ್-ಸೋಡಾ ಜೋಡಿಗಳ ಕಥೆಯೂ ಇಷ್ಟೇ. ಗುಳ್ಳೆಗಳು ಏಳುವುದನ್ನು ಕಂಡು ಏನೋ ಭಾರೀ ಕೆಲಸ ನಡೆಯುತ್ತಿದೆ ಎನಿಸಬಹುದು. ನಡೆಯುತ್ತಿರುವುದು ಎರಡೂ ಸಾಮಗ್ರಿಗಳ ನಷ್ಟ.

ನಿಂಬೆಹಣ್ಣನ್ನು ನೇರವಾಗಿ ಕಂಕುಳಿಗೆ ತಿಕ್ಕುವ ಮನೆಮದ್ದೂ ಚಾಲ್ತಿಯಲ್ಲಿದೆ. ನಿಂಬೆಯಲ್ಲಿರುವ ಕೆಲವು ಸಂಯುಕ್ತಗಳು ಬಿಸಿಲು ಬಿದ್ದಾಗ ಚರ್ಮವನ್ನು ಸುಡುತ್ತವೆ. ಬೊಬ್ಬೆ ಏಳಬಹುದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ತೋಳಿಲ್ಲದ ಉಡುಪು ಹಾಕುವವರು ಇದರಿಂದ ದೂರವಿರುವುದೇ ಕ್ಷೇಮ. ಗಿಡದಿಂದ ಬಂದದ್ದೆಲ್ಲ ಮೃದು ಎಂಬ ನಂಬಿಕೆಗೆ ಸುಗಂಧ ತೈಲಗಳೂ ಸಡ್ಡು ಹೊಡೆಯುತ್ತವೆ. ಲವಂಗ, ದಾಲ್ಚಿನ್ನಿಯ ತೈಲಗಳು ಉರಿ ತರಿಸುವುದರಲ್ಲಿ ನಿಸ್ಸೀಮ. ಟೀ ಟ್ರೀ ತೈಲಕ್ಕೆ ಅಲರ್ಜಿ ಆಗುವವರಿದ್ದಾರೆ. ಯಾವ ತೈಲವನ್ನೂ ನೇರವಾಗಿ ಹಚ್ಚಬಾರದು. ನೂರು ಗ್ರಾಂ ಮುಲಾಮಿಗೆ 20 ಹನಿ ಎಂದರೆ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು. ಅಷ್ಟು ಸಾಕು.

ಸುಗಂಧ ಆರಿಸುವಾಗ ಅದು ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಕಿತ್ತಳೆ, ನಿಂಬೆಹುಲ್ಲಿನ ಪರಿಮಳ ಬೇಗ ಹಾರಿಹೋಗುತ್ತದೆ. ಲಾವಂಚ ಮತ್ತು ಶ್ರೀಗಂಧದ ಭಾರವಾದ ಅಣುಗಳು ಸಂಜೆಯವರೆಗೂ ಉಳಿಯಬಲ್ಲವು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ತೆಗೆಯಲು ಆರಂಭಿಸಿ ಎರಡು ವರ್ಷಕ್ಕೆ ಸೋಪನ್ನೂ ಮಾಡಿದ ರಾಜ್ಯ ನಮ್ಮದು. ಇಂದು ಶುದ್ಧ ಗಂಧದೆಣ್ಣೆಯ ಬೆಲೆ ಕೈಗೆಟುಕದು, ಅಗ್ಗದ ಸೀಸೆಯಲ್ಲಿರುವುದು ಸಾಮಾನ್ಯವಾಗಿ ಬೇರೆಯೇ. ಲಾವಂಚದ ಬೇರನ್ನು ಸಣ್ಣಗೆ ಕತ್ತರಿಸಿ, ಬೆಚ್ಚಗಿನ ಕೊಬ್ಬರಿ ಎಣ್ಣೆಯಲ್ಲಿ ಎರಡು ಮೂರು ವಾರ ನೆನೆಸಿ ಸೋಸಿದರೆ ಮೆದುವಾದ ಪರಿಮಳ ಸಿಗುತ್ತದೆ. ಸಾಣೆಕಲ್ಲಿನಲ್ಲಿ ತೇಯ್ದ ಗಂಧದಲ್ಲಿ ನೀರಿರುವುದರಿಂದ ಅದನ್ನು ಡಬ್ಬಿಗೆ ಹಾಕದೆ ಆಗಿಂದಾಗ್ಗೆ ಹಚ್ಚಿಕೊಳ್ಳಬೇಕು.

ಅಂಗಿಯ ಪಾಲೂ ಇದೆ

ಸ್ನಾನ ಮಾಡಿ, ಮುಲಾಮು ಹಚ್ಚಿ, ಒಗೆದ ಅಂಗಿಯನ್ನೇ ತೊಟ್ಟರೂ ಗಂಟೆಯೊಳಗೆ ವಾಸನೆ ಬಂದರೆ ಅಂಗಿಯನ್ನು ಸಂಶಯಿಸಿ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ವ್ಯಾಯಾಮ ಮಾಡಿದವರ ಬಟ್ಟೆಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತಿಗಿಂತ ಪಾಲಿಯೆಸ್ಟರ್ ಹೆಚ್ಚು ನಾರಿತು. ವಾಸನೆ ಎಬ್ಬಿಸುವ ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾ ಪಾಲಿಯೆಸ್ಟರ್ ಎಳೆಗಳ ಮೇಲೆ ಹುಲುಸಾಗಿ ಬೆಳೆಯುತ್ತದೆ. ಸೆಖೆಯ ಊರಿನಲ್ಲಿ ಹತ್ತಿ ಅಂಗಿಯೇ ಅರ್ಧ ಡಿಯೋ. ಕಂಕುಳಿನ ಭಾಗಕ್ಕೆ ವಾಸನೆ ಹಿಡಿದ ಅಂಗಿಯನ್ನು, ಬಕೆಟ್ ನೀರಿಗೆ ಒಂದು ಲೋಟ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಒಗೆದು, ಒಳಮಗ್ಗುಲು ಹೊರಗೆ ಬರುವಂತೆ ಬಿಸಿಲಿಗೆ ಹರವಿ. ಬ್ಲೀಚಿಂಗ್ ಪುಡಿ ಹಾಕಿದ ನೀರಿಗೆ ಮಾತ್ರ ವಿನೆಗರ್ ಸೇರಿಸಬಾರದು, ವಿಷಾನಿಲ ಏಳುತ್ತದೆ.

ಊಟದ ಪಾತ್ರವೂ ಒಂದಿಷ್ಟಿದೆ. ಬೆಳ್ಳುಳ್ಳಿಯ ಗಂಧಕದ ಅಂಶ ರಕ್ತ ಸೇರಿ ಉಸಿರು, ಬೆವರುಗಳಲ್ಲಿ ಹೊರಬರುತ್ತದೆ. ಮೆಂತ್ಯ ಹೆಚ್ಚು ತಿಂದಾಗ ಬೆವರಿಗೆ ಸುಟ್ಟ ಸಕ್ಕರೆಯಂಥ ಪರಿಮಳ ಬರುವುದೂ ಹೀಗೆಯೇ. ಒಳಗಿನಿಂದ ಬರುವ ಇಂಥ ವಾಸನೆಗೆ ಯಾವ ಮುಲಾಮೂ ಅಡ್ಡ ನಿಲ್ಲದು. ಆಹಾರ ಬದಲಿಸದಿದ್ದರೂ ಮೈವಾಸನೆ ಏಕಾಏಕಿ ಬದಲಾದರೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದರೆ ಡಿಯೋ ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು.

ಅಂಗಡಿಯ ಆ್ಯಂಟಿಪರ್ಸ್ಪಿರಂಟ್ ಬಿಟ್ಟು ಮನೆಯದಕ್ಕೆ ಬಂದವರಿಗೆ ಮೊದಲ ದಿನಗಳಲ್ಲಿ ವಾಸನೆ ಹೆಚ್ಚಾದಂತೆ ಅನಿಸಬಹುದು. ವಿಷ ಹೊರಹೋಗುತ್ತಿದೆ ಎಂಬ ಮಾತನ್ನು ನಂಬಬೇಡಿ, ಆ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ತಡೆದಿದ್ದ ಬೆವರು ಮತ್ತೆ ಹರಿಯುತ್ತಿದೆ, ಕಂಕುಳಿನ ಬ್ಯಾಕ್ಟೀರಿಯಾಗಳ ಸಂಖ್ಯೆ ಏರುತ್ತಿದೆ, ಅಷ್ಟೇ. ಕಂಕುಳಿನ ಕೂದಲು ಗಿಡ್ಡ ಮಾಡಿ, ದಿನಕ್ಕೊಮ್ಮೆ ಸೋಪಿನಲ್ಲಿ ತೊಳೆದರೆ ಈ ದಿನಗಳನ್ನು ದಾಟುವುದು ಸಲೀಸು.

ಅಳತೆ ಹೊಂದಿಸಿಕೊಳ್ಳುವುದು

ಹೊಸ ಮಿಶ್ರಣವನ್ನು ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಎರಡು ದಿನ ನೋಡಿ. ಕೂದಲು ತೆಗೆದ ದಿನ, ಬೆವರುಸಾಲೆ ಎದ್ದಾಗ, ಹುಳುಕಡ್ಡಿ ಇದ್ದಾಗ ಹಚ್ಚಬೇಡಿ. ಉರಿ ಕಂಡರೆ ಮುಂದಿನ ಸಲ ಸೋಡಾವನ್ನು ಅರ್ಧಕ್ಕೆ ಇಳಿಸಿ, ಆಗಲೂ ಒಗ್ಗದಿದ್ದರೆ ಪೂರ್ತಿ ಕೈಬಿಟ್ಟು ಪಟಿಕಕ್ಕೋ ಮೆಗ್ನೀಷಿಯಾಕ್ಕೋ ಹೊರಳಿ. ಜಿಡ್ಡೆನಿಸಿದರೆ ಕೂವೆ ಹಿಟ್ಟು ಒಂದು ಚಮಚ ಹೆಚ್ಚಿಸಿ. ರಾಯಚೂರಿನ ಬೇಸಿಗೆಗೆ ಮುಲಾಮು ಸಡಿಲವೆನಿಸಿದರೆ ಮೇಣ ಐದು ಗ್ರಾಂ ಜಾಸ್ತಿ ಮಾಡಿ, ಮಡಿಕೇರಿಯ ಚಳಿಗೆ ಕಲ್ಲಾದರೆ ಐದು ಗ್ರಾಂ ಕಡಿಮೆ ಮಾಡಿ.

ಚೆನ್ನಾಗಿ ಬಂತೆಂದು ನೆಂಟರಿಷ್ಟರಿಗೆ ಕೊಡುವುದಕ್ಕೆ ಅಡ್ಡಿಯಿಲ್ಲ. ಮಾರಲು ಹೊರಟರೆ ಅದು ಸೌಂದರ್ಯವರ್ಧಕದ ತಯಾರಿಕೆಯಾಗುತ್ತದೆ, 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ಪರವಾನಗಿ ಬೇಕು. ಮನೆಮಟ್ಟಿಗೆ ಬೇಕಾದದ್ದು ಒಂದು ಚೀಟಿ ಮಾತ್ರ. ಮೊದಲ ಸಲ ಮೇಲಿನ ಅಳತೆಯ ಕಾಲುಭಾಗವನ್ನಷ್ಟೇ ಮಾಡಿ, ಹಾಕಿದ ತೂಕ ಮತ್ತು ದಿನಾಂಕವನ್ನು ಡಬ್ಬಿಗೆ ಅಂಟಿಸಿಡಿ. ಎರಡನೆಯ ಡಬ್ಬಿಯಲ್ಲಿ ಏನು ಬದಲಿಸಬೇಕು ಎಂಬುದು ನಿಮ್ಮ ಕಂಕುಳಿಗೆ ಗೊತ್ತಿರುತ್ತದೆ, ಎಷ್ಟು ಬದಲಿಸಬೇಕು ಎಂಬುದನ್ನು ಆ ಚೀಟಿ ಹೇಳುತ್ತದೆ.